ಐಸಮ್ಮ ಮತ್ತು ಬಿಗಿದ ದಾರ

ಮೂರು ವರ್ಷ ಅವಳು ಮಾಡಿದ ಕೆಲಸದ ಮೇಲೆ ಪ್ರಯೋಗಾಲಯದ ಮುಖ್ಯಸ್ಥರು ಬೇರೊಬ್ಬನ ಹೆಸರು ಹಾಕಿದರು.

ಬರಲಿರುವ ಸಭೆಯಲ್ಲಿ ಯಾರು ಏನು ಮಂಡಿಸುತ್ತಾರೆಂದು ಸಭಾಂಗಣದ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಅದನ್ನು ಓದುವಾಗ ಅವಳ ಕಂಕುಳಲ್ಲಿ ಐಸ್ ತುಂಬಿದ ಡಬ್ಬಿಯಿತ್ತು. ತಣ್ಣಗೆ ನೀರು ಇಳಿದು ತೋಳು ಒದ್ದೆಯಾಗುತ್ತಿತ್ತು. ಅವಳಿಗೆ ಗೊತ್ತಾಗಲಿಲ್ಲ.

"ಸ್ವಲ್ಪ ದಾರಿ ಬಿಡ್ತೀರಾ?"

ತಿರುಗಿದಳು. ಹೊಸಬ! ಪ್ರಯೋಗದ ಫಲಿತಾಂಶಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಈಚೆಗೆ ಸೇರಿದವನು. ಬಂದ ಕೂಡಲೇ ಅವನಿಗೆ 'ಗ್ರಾಫಪ್ಪ' ಎಂದು ಹೆಸರೂ ಬಿದ್ದಿತ್ತು.

"ಓ... ನೀವು ಐಸಮ್ಮ ಅಲ್ವಾ?" ಎಂದವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಸಾರಿ! ಎಲ್ರೂ ಹಾಗೇ ಅಂತಾರೆ. ನಿಜವಾದ ಹೆಸರು ಯಾರೂ ಹೇಳ್ಲೇ ಇಲ್ಲ..."

"ನಿಜವಾದ ಹೆಸರು ಬೇಕಾ?" ಅವಳು ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿತ್ತು. ಈಗ ಇಲ್ಲಿ ನಿಮ್ಮದಿದೆ!"

ಅವನು ಹಾಳೆಯತ್ತ ಬಾಗಿದ. ಮುಖ ಬಿಳಿಚಿತು. ಅದನ್ನು ನೋಡಲು ಅವಳು ಅಲ್ಲಿರಲಿಲ್ಲ.

'ಕಳ್ಳ! ನಗುನಗುತ್ತಾ ಬಂದು ಕದಿಯೋ ಕಳ್ಳ...'

ನೇರ ಮುಖ್ಯಸ್ಥರ ಕೋಣೆಗೆ ನುಗ್ಗಿದಳು. ಅವರು ತಲೆ ಎತ್ತಲಿಲ್ಲ.

"ನೋಡಮ್ಮ, ನೀನು ಕೈ. ಅವನು ತಲೆ. ಹೆಸರು ಇರೋದು ತಲೆಗೆ. ಹೋಗಿ ಟ್ಯೂಬ್ ನೋಡ್ಕೋ."

ಅವಳ ಕೆಲಸ ಇಷ್ಟು. ಒಂದೊಂದು ಜೀವಕೋಶದೊಳಗೂ ಆಳೆತ್ತರಕ್ಕೂ ಮೀರಿದ ಡಿಎನ್‌ಎ ದಾರವಿದೆ. ಕೋಶದ ನಡುವಿನ ಪುಟ್ಟ ಕೇಂದ್ರದಲ್ಲಿ, ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು ಅದು ಮುದುಡಿ ಕೂತಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಏನು ಬರೆದಿದ್ದರೂ ಕೋಶ ಓದಲಾರದು. ಉಂಡೆಯ ಮೇಲೆ ಸಣ್ಣದೊಂದು ರಾಸಾಯನಿಕ ಗುರುತು ಬಂದು ಕೂತರೆ ಹಿಡಿತ ಸಡಿಲ. ಗುರುತು ಕಿತ್ತರೆ ಮತ್ತೆ ಬಿಗಿ.

ಎಲ್ಲಿ ಸಡಿಲವಿದೆ ಎಂದು ತಿಳಿಯಲು ಅವಳು ಕೋಶದ ಹೊರಪೊರೆಯನ್ನು ತೆಳುವಾದ ಸೋಪಿನ ನೀರಲ್ಲಿ ಕರಗಿಸಿ, ದಾರ ಕತ್ತರಿಸುವ ಕಿಣ್ವವನ್ನು ಒಳಗೆ ಬಿಡುತ್ತಿದ್ದಳು. ದಾರಿ ಸಿಕ್ಕ ಕಡೆ, ಉಂಡೆಗಳ ನಡುವೆ ಮಾತ್ರ ಅದು ಕತ್ತರಿಸುತ್ತದೆ. ಆದರೆ ಸೋಪಿನಲ್ಲಿ ತುಸು ಹೆಚ್ಚು ಹೊತ್ತು ಬಿಟ್ಟರೆ ಕೇಂದ್ರವೇ ಒಡೆದು ದಾರವೆಲ್ಲ ಹೊರಗೆ ಚೆಲ್ಲುತ್ತದೆ. ಆಗ ಎಲ್ಲವೂ ತೆರೆದಂತೆಯೇ ಕಾಣುತ್ತದೆ.

ಹೊಸದೊಂದು ಔಷಧಿ ಡಿಎನ್‌ಎಯನ್ನು ಪೂರ್ತಿ ಸಡಿಲಿಸುತ್ತದೆ ಎಂದು ಮುಖ್ಯಸ್ಥರು ಊರೆಲ್ಲ ಸಾರಿಬಿಟ್ಟಿದ್ದರು. ಅವಳ ಟ್ಯೂಬುಗಳು ಮಾತ್ರ ಬೇರೆಯೇ ಹೇಳುತ್ತಿದ್ದವು... ಅಲ್ಲೊಂದು ಇಲ್ಲೊಂದು ಕಡೆ, ಅಷ್ಟೇ.

ಆ ಮಧ್ಯಾಹ್ನ ಅವಳು ಫ್ರಿಜ್ಜಿಗೆ ಒರಗಿ ನಿಂತೇ ಊಟ ಮಾಡುತ್ತಿದ್ದಾಗ ಅಕ್ಕನ ಫೋನು ಬಂತು.

"ಊಟ ಆಯ್ತೇನೇ? ಯಾರ ಜೊತೆ ಕೂತಿದೀಯಾ?"

"ಎಲ್ರ ಜೊತೆ ಕಣೆ."

"ಮತ್ತೆ ಎಲ್ರೂ ಯಾಕೆ ಅಷ್ಟು ಸುಮ್ನಿದಾರೆ?"

ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಬಾಡಿಗೆ ಕೋಣೆಯ ಎರಡನೆಯ ಕುರ್ಚಿ ನೆನಪಾಯಿತು. ಅದರ ಮೇಲೆ ಒಗೆದ ಬಟ್ಟೆ ಬಿಟ್ಟರೆ ಯಾರೂ ಕೂತಿಲ್ಲ. ಇವತ್ತು ಕಿತ್ತುಕೊಂಡಿದ್ದನ್ನು ಯಾರಿಗೆ ಹೇಳಲಿ? ಹೇಳಿದರೆ ಅಕ್ಕ ಅಳುತ್ತಾಳೆ. ಆಮೇಲೆ ಅವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ...

ಫೋನಿಟ್ಟು, ಕಣ್ಣೊರೆಸಿಕೊಂಡು ಮೇಜಿಗೆ ಬಂದವಳು ಬೆಚ್ಚಿದಳು. ಔಷಧಿ ಹಾಕಿದ ಟ್ಯೂಬುಗಳು ಇನ್ನೂ ಸೋಪಿನಲ್ಲೇ ಇದ್ದವು!

ಎಸೆಯಬೇಕಿತ್ತು. ಎಸೆಯಲಿಲ್ಲ. 'ಹೆಸರು ನಂದಲ್ಲ ತಾನೇ? ಹಾಳಾಗಿ ಹೋಗ್ಲಿ!' ಎಂದು ಹಾಗೇ ಮುಂದಿನ ಪರೀಕ್ಷೆಗೆ ಕಳಿಸಿದಳು.

ಫಲಿತಾಂಶ ಬಂದ ದಿನ ಮುಖ್ಯಸ್ಥರು ಕುಣಿದದ್ದೇ ಕುಣಿದದ್ದು. "ನೋಡ್ರೋ, ಎಲ್ಲಾ ಕಡೆ ತೆರ್ಕೊಂಡಿದೆ! ಸಭೇಲಿ ಇದನ್ನೇ ತೋರಿಸ್ಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬನನ್ನು ಬಿಟ್ಟು.

ಗ್ರಾಫಪ್ಪ ಸ್ಟೂಲು ಎಳೆದುಕೊಂಡು ಬಂದು ಅವಳ ಮೇಜಿನಿಂದ ಒಂದು ಮಾರು ದೂರದಲ್ಲಿ ಕೂತ.

"ಇದ್ರಲ್ಲಿ ಕೋಶದ ಕೇಂದ್ರಗಳೇ ಒಡೆದಿವೆ, ಅಲ್ವಾ?"

ಅವಳು ಡಬ್ಬಿಗೆ ಐಸ್ ತುಂಬತೊಡಗಿದಳು.

"ನಿಮ್ಮ ಹಳೇ ಪ್ರಯೋಗಗಳಲ್ಲಿ ತುಂಡುಗಳು ಒಂದು ಉಂಡೆ ಅಳತೆ, ಎರಡು ಉಂಡೆ ಅಳತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರ್ತಿದ್ವು. ಇದ್ರಲ್ಲಿ ಮೆಟ್ಟಿಲೇ ಇಲ್ಲ. ನಿಮ್ಮ ಕೈ ಹೀಗೆ ತಪ್ಪೋದಿಲ್ಲ... ಏನಾಯ್ತು ಆವತ್ತು?"

ಏನು ತಪ್ಪು ಮಾಡಿದೆ ಎಂದಲ್ಲ. ಏನಾಯ್ತು ಎಂದು ಕೇಳುತ್ತಿದ್ದಾನೆ!

"ಆವತ್ತು ನೀವು ನನ್ನ ಜಾಗಕ್ಕೆ ಬಂದ್ರಿ," ಎಂದಳು. "ನಾನು ಸೋಪಿನಲ್ಲಿ ಮರೆತೆ. ಆಮೇಲೆ ಗೊತ್ತಿದ್ದೂ ಕಳಿಸ್ದೆ. ಹೋಗಿ ಹೇಳ್ಕೊಳಿ!"

"ಇದನ್ನ ಮಾಡ್ದೋಳು ಕೆಲ್ಸ ಬಿಟ್ಟು ಹೋಗ್ತಿದಾಳೆ, ಅವಳೇ ಒಪ್ಪಿ ಬಿಟ್ಟುಕೊಟ್ಲು ಅಂತ ಸರ್ ಅಂದಿದ್ರು. ಬಾಗಿಲ ಹತ್ರ ನೀವಂದಿದ್ದು ಕೇಳಿದ ತಕ್ಷಣ ನಿಮ್ಮ ಹಿಂದೆ ಓಡಿ ಬಂದೆ. ನೀವು ಸರ್ ಕೋಣೆಯಿಂದ ನೇರ ಕೋಲ್ಡ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರಿ. ಹೊರಗೇ ನಿಂತಿದ್ದೆ..."

"ತಟ್ಟಬಹುದಿತ್ತಲ್ಲ?"

"ಅಳೋದು ಕೇಳಿಸ್ತು. ತಟ್ಟಿದ್ರೆ ಅದನ್ನೂ ನಿಲ್ಲಿಸಿಬಿಡ್ತೀರಿ ಅನ್ನಿಸ್ತು."

ಅವಳು ಮೊದಲ ಬಾರಿ ಅವನ ಮುಖವನ್ನು ನೆಟ್ಟಗೆ ನೋಡಿದಳು. ಈ ಕಟ್ಟಡದಲ್ಲಿ ತನ್ನ ಅಳು ಒಬ್ಬರಿಗೆ ಕೇಳಿಸಿತ್ತು.

"ನಿಮ್ಮ ಹಳೇ ಗ್ರಾಫ್ ನೋಡ್ತಾ ನೋಡ್ತಾ ನಿಮ್ಮನ್ನ ಇಷ್ಟಪಟ್ಟೆ," ಎಂದ ಅವನು ಸ್ಟೂಲಿನ ಅಂಚು ಕೆರೆಯುತ್ತಾ. "ಹುಚ್ಚು ಅನ್ಸುತ್ತೆ, ಅಲ್ವಾ? ಏನೂ ಹೇಳ್ಬೇಡಿ. ಅವಸರ ಇಲ್ಲ."

"ಅವಸರ ಇರೋದೂ ಬೇಡ," ಎಂದಳು ಅವಳು ಮೆಲ್ಲಗೆ. "ಸೋಪು ಜಾಸ್ತಿಯಾದ್ರೆ ನಾನೂ ತಡ್ಕೊಳ್ಳಲ್ಲ ಗ್ರಾಫಪ್ಪೋರೇ."

ಅವನು ನಕ್ಕ. ಅವಳ ತುಟಿಯ ತುದಿಯೂ ಅಲುಗಿತು.

ಆದರೆ ಆ ಸಂಜೆ ಮುಖ್ಯಸ್ಥರ ಮುಂದೆ ನಿಂತು "ಆ ಟ್ಯೂಬುಗಳಲ್ಲಿ ಕೇಂದ್ರಗಳು ಒಡೆದಿವೆ ಸರ್, ತಪ್ಪು ನಂದು" ಎಂದಾಗ ಸಿಕ್ಕಿದ್ದು ಒಂದೇ ಮಾತು.

"ಬಾಯಿ ಮುಚ್ಕೊಂಡಿದ್ರೆ ಕೆಲ್ಸ ಉಳಿಯುತ್ತೆ."

ಕೋಣೆಗೆ ಬಂದು ದೀಪ ಹಾಕದೆ ಕೂತಳು. ಈ ಕೆಲಸವೂ ಹೋದರೆ ಉಳಿಯುವುದೇನು? ಈ ನಾಲ್ಕು ಗೋಡೆ... ಎದ್ದು ಎರಡನೆಯ ಕುರ್ಚಿಯ ಮೇಲಿನ ಬಟ್ಟೆಗಳನ್ನು ಮಡಿಸತೊಡಗಿದಳು.

ಸಭೆಯ ದಿನ ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವನು ವೇದಿಕೆ ಹತ್ತಿದ. ಪರದೆಯ ಮೇಲೆ ಮೂಡಿದ್ದು ಹಾಳಾದ ಟ್ಯೂಬುಗಳ ಫಲಿತಾಂಶವಲ್ಲ... ಅವಳ ಹಳೆಯ ಗ್ರಾಫು. ಮೆಟ್ಟಿಲು ಮೆಟ್ಟಿಲಾಗಿ.

"ಇದು ನನ್ನ ಕೆಲಸ ಅಲ್ಲ. ಮಾಡಿದವರು ಹಿಂದೆ ಕೂತಿದಾರೆ. ಅವರೇ ಮಾತಾಡ್ಲಿ."

ಗುಜುಗುಜು ಎದ್ದಿತು. ಅವಳ ಕಾಲುಗಳು ಅವಳನ್ನು ಕೇಳದೆಯೇ ಮುಂದಕ್ಕೆ ನಡೆದವು. ಮುಖ್ಯಸ್ಥರು ಅಡ್ಡ ಬಂದರು. ಮುಖ ಕೆಂಡ.

"ಏನಿದು ನಾಟಕ? ಏಯ್, ಆ ಚಿತ್ರ ತೆಗಿ! ನೀನು... ನೀನು ಹೊರಗೆ ನಡಿ!"

ಅವಳು ಅವರ ಪಕ್ಕದಿಂದ ದಾಟಿ ವೇದಿಕೆ ಹತ್ತಿದಳು. ಅವನು ಮೈಕನ್ನು ಅವಳ ಎತ್ತರಕ್ಕೆ ಇಳಿಸಿದ. ಬೆರಳಿಗೆ ಬೆರಳು ತಾಗಿತು.

"ಕೈ ತಣ್ಣಗಿದೆ," ಎಂದ, ಅವಳಿಗೆ ಮಾತ್ರ ಕೇಳುವಂತೆ.

"ಐಸಮ್ಮ ಅಲ್ವಾ..." ಅವಳು ಕೈ ಹಿಂದೆಗೆಯಲಿಲ್ಲ. "ಇದು ಮುಗಿದ ಮೇಲೆ ಮನೆಗೆ ಬರ್ತೀರಾ? ಕುರ್ಚಿ ಖಾಲಿ ಮಾಡಿಟ್ಟಿದೀನಿ."

"ಹೊರಗೆ ನಡಿ ಅಂದೆ! ಕೇಳಿಸ್ಲಿಲ್ವಾ?"

ಅವಳು ಮೈಕಿಗೆ ಬಾಗಿದಳು.

"ಕೇಳಿಸ್ತು ಸರ್. ಹೋಗಲ್ಲ."