ಬಾಚಲವ್ವನನ್ನು ಕಂಡ ಕನ್ನಡಿ

ಬಹಳ ಹಿಂದೆ, ಪ್ರಾಣಿಗಳೂ ಮನುಷ್ಯರೂ ಒಂದೇ ಮಾತಾಡುತ್ತಿದ್ದ ಕಾಲದಲ್ಲಿ, ಹೇಮಗೋಡು ಎಂಬ ರಾಜ್ಯವಿತ್ತು. ಸೋಮಭೂಪ ಎಂಬ ಅರಸು ಅದನ್ನು ಆಳುತ್ತಿದ್ದ. ಅವನಿಗೆ ಬಹುಕಾಲ ಮಕ್ಕಳಿರಲಿಲ್ಲ. ಕೊನೆಗೊಂದು ಗಂಡುಮಗು ಹುಟ್ಟಿತು, ಆದರೆ ಹೆತ್ತ ರಾಣಿ ಉಳಿಯಲಿಲ್ಲ. ಮಗುವಿಗೆ ನನ್ನಿದೇವ ಎಂದು ಹೆಸರಿಟ್ಟರು. ಹಾಲೂಡಿಸಲು ಬಾಚಲೆ ಎಂಬ ಹೆಂಗಸು ಅರಮನೆಗೆ ಬಂದಳು. ಅವಳ ಮಡಿಲಲ್ಲೂ ಜಕ್ಕಲೆ ಎಂಬ ಎಳೆಯ ಹೆಣ್ಣುಕೂಸಿತ್ತು. ಬಾಚಲೆ ಇಬ್ಬರಿಗೂ ಹಾಲೂಡಿಸಿದಳು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂದು ಮಾಡಲಿಲ್ಲ.

ರಾಜ್ಯದ ಅಂಚಿನ ಗವಿಯಲ್ಲಿ ಮಸಿಕಂಠ ಎಂಬ ಮಾಂತ್ರಿಕನಿದ್ದ. ಜೀವಿಗಳ ಬೆಳಕನ್ನು ಕುಡಿದು ಬದುಕುವವನು ಅವನು. ಅರಸುಮಗುವಿನ ಬೆಳಕು ಕುಡಿದರೆ ಮುಪ್ಪು ಬಾರದು ಎಂದು ಅವನಿಗೆ ಗೊತ್ತಿತ್ತು. ಒಂದು ಮುಸ್ಸಂಜೆ ಅವನು ಹೊಗೆಯಾಗಿ ಕಿಟಕಿಯಿಂದ ನುಗ್ಗಿ ತೊಟ್ಟಿಲ ಮೇಲೆ ಮಂತ್ರ ಎಸೆದ. ಬಾಚಲೆ ಕಂಡಳು. ಎದೆಯಲ್ಲಿದ್ದ ಮಗಳನ್ನು, ಮಗುವನ್ನು ನೋಡಲು ಬಂದಿದ್ದ ಅರಸನ ಕೈಗಿಟ್ಟು, ಓಡಿಹೋಗಿ ತೊಟ್ಟಿಲಿಗೆ ಅಡ್ಡ ನಿಂತಳು. ಮಂತ್ರ ಅವಳಿಗೇ ತಗುಲಿತು. ನೋಡುನೋಡುತ್ತಿದ್ದಂತೆ ಅವಳು ಒಂದು ಹಿಡಿ ಬೆಳಕಾಗಿ ಮೇಲೆದ್ದು, ಆಕಾಶದಲ್ಲಿ ಕೃತ್ತಿಕೆ ರೋಹಿಣಿಗಳ ನಡುವೆ ಚುಕ್ಕಿಯಾಗಿ ನಿಂತಳು.

ಮಸಿಕಂಠ ಸಿಟ್ಟಿನಿಂದ ಅಂದ: "ಇರಲಿ. ಇವಳ ಬೆಳಕನ್ನೇ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಇವಳು ಉಳಿಸಿದ ಮಗು ತನ್ನ ಕಣ್ಣಿಂದ ಇವಳನ್ನು ಕಂಡು, ಬಾಯ್ತುಂಬ ಕರೆದರೆ ಇಳಿದು ಬರಲಿ. ಅದಕ್ಕೆ ಮಾತು ಬರುವ ಹೊತ್ತಿಗೆ ನೋಡಲು ಅಲ್ಲಿ ಏನು ಉಳಿದಿರುತ್ತದೆ?"

ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಗವಿಯ ಬಾಯಲ್ಲಿ ಹಸಿಸೊಪ್ಪಿನ ಬೆಂಕಿ ಹಾಕಿದ. ಆ ಹೊಗೆ ಹೇಮಗೋಡಿನ ಮೇಲೆಲ್ಲ ಕವಿದುಕೊಂಡಿತು. ಅಂದಿನಿಂದ ಅಲ್ಲಿನವರಿಗೆ ಚಂದ್ರ ಕಾಣುವುದೇ ಅಪರೂಪವಾಯಿತು. ಚುಕ್ಕಿಗಳಂತೂ ಕತೆಯಲ್ಲಿ ಮಾತ್ರ ಉಳಿದವು.

ಅರಸ ಇಬ್ಬರು ಮಕ್ಕಳನ್ನೂ ಒಟ್ಟಿಗೆ ಸಾಕಿದ. ಜಕ್ಕಲೆ ನಾಲ್ಕಾರು ತಿಂಗಳಿಗೆ ದೊಡ್ಡವಳು. ಅವಳನ್ನು ನನ್ನಿದೇವ ಅಕ್ಕ ಎಂದೇ ಕರೆದ. "ನೀನು ಉಸಿರಾಡುತ್ತಿರುವುದು ಇವಳ ತಾಯಿಯಿಂದ" ಎಂದು ಅರಸ ಮಗನಿಗೆ ಹೇಳಿ ಬೆಳೆಸಿದ. ಹುಡುಗ ಅದನ್ನು ಮರೆಯಲಿಲ್ಲ. ಮೀಸೆ ಚಿಗುರಿದ ವಯಸ್ಸಿಗೆ ಅವನಿಗೆ ಒಂದೇ ಯೋಚನೆಯಿತ್ತು. ಬಾಚಲವ್ವನನ್ನು ಕಾಣಬೇಕು.

ಆ ವರ್ಷ ಆಶ್ವೀಜ ಮುಗಿಯುತ್ತಿದ್ದಾಗ ಮಾಂತ್ರಿಕನ ಗೂಬೆ ಅರಮನೆಯ ಗೋಡೆಯ ಮೇಲೆ ಕೂತು ಕೂಗಿತು: "ಕಾರ್ತಿಕದ ಅಮಾವಾಸ್ಯೆಗೆ ಕೊನೆಯ ಗುಟುಕು. ಆಮೇಲೆ ಆ ಚುಕ್ಕಿ ಇಲ್ಲ."

ಮರುದಿನವೇ ನನ್ನಿದೇವ ಹೊರಟ. ಜಕ್ಕಲೆಯೂ ಹೊರಟಳು.

ಹೊಗೆ ತಲುಪದ ಜಾಗ ಒಂದೇ ಇತ್ತು. ಅದು ಗಾಳಿಕೋಡು ಎಂಬ ಶಿಖರ. ಆದರೆ ಅಷ್ಟು ಮಸುಕಾದ ಚುಕ್ಕಿ ಅಲ್ಲಿಂದಲೂ ಬರಿಗಣ್ಣಿಗೆ ಕಾಣುವ ಹಾಗಿರಲಿಲ್ಲ. ಅದಕ್ಕೆ ಅವರು ಮೊದಲು ಬಡಗಣ ಕಣಿವೆಗೆ ಹೋದರು. ಅಲ್ಲಿ ಲಚ್ಚಲೆ ಎಂಬ ಮುದುಕಿ ಕನ್ನಡಿ ಉಜ್ಜಿ ದೂರದರ್ಶಕಗಳನ್ನು ಮಾಡುತ್ತಿದ್ದಳು.

"ಎಂಥದ್ದು ಬೇಕು ಮಗಾ?" ಎಂದು ಕೇಳಿದಳು ಲಚ್ಚಲೆ.

"ಇರುವುದರಲ್ಲಿ ದೊಡ್ಡದು ಕೊಡಿ ಅಜ್ಜಿ."

ಮುದುಕಿ ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಕಂಚಿನ ಕೊಳವೆಯೊಂದು ಮಲಗಿತ್ತು. ಒಳಗೆ ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಕನ್ನಡಿ. ನನ್ನಿದೇವನಿಗೆ ಬೇರೆ ಯಾವುದನ್ನೂ ನೋಡಬೇಕೆನಿಸಲಿಲ್ಲ. ಅರಮನೆಯಿಂದ ಆನೆಗಳನ್ನು ಕರೆಸಿ, ಮರದ ಉರುಳೆಗಳ ಮೇಲಿಟ್ಟು ಎಳೆಸಿದ. ದಾರಿಯಲ್ಲಿ ಸೇತುವೆ ಮುರಿಯಿತು, ಕಟ್ಟಿಸಿದ. ಕಣಿವೆ ಇಕ್ಕಟ್ಟಾಯಿತು, ಬಂಡೆ ಒಡೆಸಿದ. ಹೀಗೆ ಕಾರ್ತಿಕದ ಶುಕ್ಲಪಕ್ಷ ಅರ್ಧ ಕಳೆದುಹೋಯಿತು.

ಗಾಳಿಕೋಡಿನ ಸುತ್ತ ಕರಿನೀರಿನ ಕೆರೆಯಿದೆ. ಆ ನೀರಲ್ಲಿ ದೋಣಿ ತೇಲುವುದಿಲ್ಲ. ದಾಟಿಸುವುದು ಒಂದು ಮುದಿ ಆಮೆ. ಅದರ ಚಿಪ್ಪು ಚಾವಡಿಯಷ್ಟು ಅಗಲ.

ಆಮೆ ಕಂಚಿನ ಕೊಳವೆಯನ್ನು ನೋಡಿತು, ಆನೆಗಳನ್ನು ನೋಡಿತು. "ಒಮ್ಮೆಗೆ ಒಬ್ಬರನ್ನು ದಾಟಿಸುತ್ತೇನೆ. ಅವರ ಜೊತೆಗೆ ಅವರ ಬೆನ್ನು ಹೊರುವಷ್ಟು. ಅದೇ ಇಲ್ಲಿಯ ನೇಮ."

"ಆಮೆರಾಯರೇ, ಒಂದು ಜೀವದ ಪ್ರಶ್ನೆ."

"ಇಲ್ಲಿಗೆ ಬರುವವರದ್ದೆಲ್ಲ ಜೀವದ ಪ್ರಶ್ನೆಯೇ ಅಪ್ಪಾ. ಇದನ್ನು ಹೊತ್ತರೆ ನಾನೂ ಮುಳುಗುತ್ತೇನೆ, ನೀನೂ ಮುಳುಗುತ್ತೀಯೆ."

ನನ್ನಿದೇವ ತಲೆತಗ್ಗಿಸಿ ಹಿಂದಿರುಗಿದ. ಮುದುಕಿ ಬೈಯಲಿಲ್ಲ, ನಗಲೂ ಇಲ್ಲ. "ಈಗ ಎಂಥದ್ದು?" ಎಂದಳು.

"ಹೊರಲು ಹಗುರವಾದದ್ದು ಕೊಡಿ ಅಜ್ಜಿ."

ಅವಳು ಗೂಡಿನಿಂದ ದಂತದ ಕೊಳವೆಯೊಂದನ್ನು ತೆಗೆದಳು. ತುದಿಯಲ್ಲಿ ಹಸಿರು ಕಲ್ಲುಗಳ ಬಳೆ. ಕಂಕುಳಲ್ಲಿ ಇಟ್ಟುಕೊಂಡರೆ ಕೊಳಲು ಇಟ್ಟುಕೊಂಡ ಹಾಗೆ. ಈ ಸಲ ಅವನು ಕುದುರೆಯ ಮೇಲೆ ಹಾರಿಹೋದ. ಆಮೆ ಮಾತಿಲ್ಲದೆ ದಾಟಿಸಿತು. ಶಿಖರವನ್ನು ಏದುಸಿರೂ ಬಿಡದೆ ಹತ್ತಿದ.

ಹೊಗೆಯ ಮೇಲೆ ನಿಂತು ಅವನು ಬದುಕಿನಲ್ಲಿ ಮೊದಲ ಬಾರಿಗೆ ಆಕಾಶವನ್ನು ಕಂಡ. ಹೀಗೂ ಇರುತ್ತದೆಯೇ ಎಂದುಕೊಂಡ. ಕೊಳವೆಯನ್ನು ಎತ್ತಿ ಹಿಡಿದ. ಚಂದ್ರನ ಮೈಮೇಲಿನ ಗುಳಿಗಳು ಕಂಡವು. ಕೃತ್ತಿಕೆಯ ಗೊಂಚಲು ಬಿಡಿಬಿಡಿಯಾಗಿ ಕಂಡಿತು. ರೋಹಿಣಿ ಕೆಂಡದ ಕಿಡಿಯಂತೆ ಕಂಡಳು. ಆದರೆ ಕೃತ್ತಿಕೆ ರೋಹಿಣಿಗಳ ನಡುವೆ, ಅಪ್ಪ ಹೇಳಿದ್ದ ಜಾಗದಲ್ಲಿ, ಬರೀ ಕಪ್ಪು. ಹುಣ್ಣಿಮೆಯ ಬೆಳಕಿಗೆ ಹೀಗಾಯಿತೇನೋ ಎಂದು ಚಂದ್ರ ತಡವಾಗಿ ಮೂಡುವ ದಿನಗಳವರೆಗೂ ಅಲ್ಲೇ ಕಾದ. ಆಗಲೂ ಕಪ್ಪೇ.

ಕೆರೆಯ ಈಚೆ ದಡದಲ್ಲಿ ಜಕ್ಕಲೆ ಕಾಯುತ್ತಿದ್ದಳು. ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಅಕ್ಕಾ, ನನಗೆ ಕಾಣಲಿಲ್ಲ" ಎಂದ ನನ್ನಿದೇವ. "ನಿನ್ನ ಹಾಲು, ನಿನ್ನ ತಾಯಿ, ಎಲ್ಲ ನಾನು ತಿಂದೆ. ನೀನು ನನ್ನನ್ನು ಹೇಗೆ ಸಹಿಸಿಕೊಂಡಿದ್ದೀಯೋ."

ಜಕ್ಕಲೆ ಅವನನ್ನು ದಡದ ಕಲ್ಲಿನ ಮೇಲೆ ಕೂರಿಸಿದಳು. "ಚಿಕ್ಕವಳಿದ್ದಾಗ ನಿನ್ನ ಮೇಲೆ ಸಿಟ್ಟಿತ್ತು, ತಮ್ಮಾ. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಮೇಲೆ ಯೋಚಿಸಿದೆ, ನಮ್ಮವ್ವ ಯಾರನ್ನು ಉಳಿಸಿದಳೋ ಅವನನ್ನು ನೋಡಿದರೆ ನನಗೆ ಅವ್ವನ ಗುಣ ತಿಳಿಯುತ್ತದೆ ಅಂತ. ನನಗೆ ಅವಳ ಮುಖ ನೆನಪಿಲ್ಲ. ನಿನ್ನಿಂದಲೇ ಅವಳು ನನಗೆ ಗೊತ್ತು. ಏಳು, ಹೋಗೋಣ."

ಲಚ್ಚಲೆಯ ಮನೆಯ ಜಗಲಿಯಲ್ಲಿ ಕೂತಾಗ ಅಮಾವಾಸ್ಯೆ ಹತ್ತಿರವಾಗಿತ್ತು. ನನ್ನಿದೇವ ಈ ಸಲ ಇಂಥದ್ದೇ ಬೇಕೆಂದು ಕೇಳಲಿಲ್ಲ. "ಅಜ್ಜಿ, ಪುಟ್ಟದರಲ್ಲಿ ಎಲ್ಲ ಚೆಲುವಾಗಿ ಕಂಡಿತು. ಅವ್ವ ಮಾತ್ರ ಯಾಕೆ ಕಾಣಲಿಲ್ಲ?" ಎಂದ.

"ತುಂತುರು ಮಳೆಗೆ ಚೊಂಬು ಇಟ್ಟರೆ ತಳ ಒದ್ದೆಯಾಗುತ್ತದೆ, ಅಷ್ಟೇ. ಅಗಲದ ಹರಿವಾಣ ಇಟ್ಟರೆ ಕುಡಿಯಲು ನೀರು ಸಿಗುತ್ತದೆ" ಎಂದಳು ಮುದುಕಿ. "ಮಸುಕು ಚುಕ್ಕಿಯ ಬೆಳಕು ತುಂತುರು. ಕನ್ನಡಿ ಅಗಲ ಇರಬೇಕು."

"ಹಾಗಾದರೆ ಕಂಚಿನದ್ದರಲ್ಲಿ ಬೆಳಕು ಹಿಡಿಯುವುದು ಕನ್ನಡಿ ಒಂದೇ. ಅಷ್ಟು ಭಾರದ ಕೊಳವೆ ಏನು ಮಾಡುತ್ತದೆ?"

"ಕನ್ನಡಿಯನ್ನೂ ಕಣ್ಣಿಡುವ ಗಾಜನ್ನೂ ಅಲುಗದ ಹಾಗೆ ಹಿಡಿದಿರುತ್ತದೆ. ಪಕ್ಕದ ಬೆಳಕನ್ನು ತಡೆಯುತ್ತದೆ."

"ಅಷ್ಟಕ್ಕೆ ಕಂಚೇ ಆಗಬೇಕಾ?"

ಮುದುಕಿ ಅವನನ್ನೇ ನೋಡಿದಳು. ಎದ್ದು ಅಟ್ಟ ಹತ್ತಿದಳು. ಇಳಿದಾಗ ಅವಳ ಕೈಯಲ್ಲಿ ಒಂದು ಚಪ್ಪಟೆ ಮರದ ಪೆಟ್ಟಿಗೆ, ಬಿದಿರಿನ ಒಂದು ಕಟ್ಟು, ಒಂದು ಮರದ ಬಳೆ, ಮಡಿಸಿದ ಕಪ್ಪು ಬಟ್ಟೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಊಟದ ಹರಿವಾಣದಷ್ಟು ಅಗಲದ ಕನ್ನಡಿ, ರೊಟ್ಟಿಯಷ್ಟು ತೆಳು.

"ಇದನ್ನು ನಾನು ನನ್ನ ಕಾಲು ಗಟ್ಟಿಯಿದ್ದಾಗ ಬೆಟ್ಟಕ್ಕೆ ಹೊತ್ತುಕೊಂಡು ಹೋಗಲು ಮಾಡಿಕೊಂಡೆ. ಬಂದವರೆಲ್ಲ ಇದನ್ನು ನೋಡಿ ಚಪ್ಪರದ ಗಳು ಅಂದರು. ಯಾರೂ ಕೇಳಲಿಲ್ಲ, ನಾನೂ ತೋರಿಸುವುದನ್ನು ಬಿಟ್ಟೆ." ಅವಳು ಬಿದಿರುಗಳನ್ನು ಪೆಟ್ಟಿಗೆಯ ಅಂಚಿಗೆ ಸಿಕ್ಕಿಸಿ, ಮೇಲೆ ಬಳೆಯನ್ನು ಕೂರಿಸಿದಳು. ಬಳೆಯಲ್ಲಿ ಒಂದು ಪುಟ್ಟ ಓರೆಗನ್ನಡಿ, ಪಕ್ಕದಲ್ಲಿ ಕಣ್ಣಿಡುವ ಗಾಜು. ಸುತ್ತ ಕಪ್ಪು ಬಟ್ಟೆ ಹೊದಿಸಿದಳು. ಅಲ್ಲಿಗೆ ಆಳೆತ್ತರದ ದೂರದರ್ಶಕ ನಿಂತಿತು. ಮತ್ತೆ ಬಿಚ್ಚಿ ಕಟ್ಟಿದರೆ ಒಬ್ಬರ ಬೆನ್ನಿನ ಹೊರೆ.

"ಕಂಚಿನದ್ದಕ್ಕಿಂತ ಕನ್ನಡಿ ಸಣ್ಣದು" ಎಂದಳು ಜಕ್ಕಲೆ, ಅನುಮಾನದಿಂದ.

"ಸಣ್ಣದೇ. ಆದರೆ ಕಂಚಿನದ್ದು ದಡದಲ್ಲೇ ಉಳಿಯಿತಲ್ಲಮ್ಮಾ. ಶಿಖರ ಮುಟ್ಟುವವುಗಳಲ್ಲಿ ಇದೇ ದೊಡ್ಡದು" ಎಂದಳು ಲಚ್ಚಲೆ.

ನನ್ನಿದೇವ ಅದನ್ನೇ ಆರಿಸಿಕೊಂಡ. ಹೊರಡುವಾಗ ಮುದುಕಿ ಹೇಳಿದಳು: "ಇದು ಹಗುರ, ಹಾಗಾಗಿ ಗಾಳಿಗೆ ಅಲುಗುತ್ತದೆ. ಅದಕ್ಕೆ ನೀನೇ ದಾರಿ ಹುಡುಕಬೇಕು. ಮತ್ತೆ, ಹತ್ತಿದ ಕೂಡಲೇ ನೋಡಬೇಡ. ನಿನ್ನ ಬೆನ್ನಿನ ಬಿಸಿ ಕನ್ನಡಿಯಲ್ಲಿರುತ್ತದೆ. ಅದು ಬೆಟ್ಟದ ಚಳಿಗೆ ಹೊಂದಿಕೊಳ್ಳುವ ತನಕ ಕಾಯಿ."

ಅಮಾವಾಸ್ಯೆಯ ಸಂಜೆ ಆಮೆ ಅವನನ್ನು ದಾಟಿಸಿತು. ಹೊರೆ ಹೊತ್ತು ಶಿಖರ ಮುಟ್ಟುವಾಗ ಕತ್ತಲಾಗಿತ್ತು. ಅವನು ಬಿದಿರುಗಳನ್ನು ಜೋಡಿಸಿದ, ಬಳೆ ಕೂರಿಸಿದ, ಬಟ್ಟೆ ಹೊದಿಸಿದ. ಆಗ ಬಂಡೆಯ ಹಿಂದಿನಿಂದ ಮಸಿಕಂಠ ಎದ್ದು ಬಂದ. ಅವನ ಗಂಟಲು ಒಲೆಯ ಬಾಯಂತೆ ಕಪ್ಪಾಗಿತ್ತು.

"ನೋಡು, ಬೇಗ ನೋಡು" ಎಂದ ಮಾಂತ್ರಿಕ, ಮೆತ್ತಗೆ. "ನಡುರಾತ್ರಿಯಾದ ಕೂಡಲೇ ಕುಡಿದುಬಿಡುತ್ತೇನೆ."

ನನ್ನಿದೇವ ತಡೆಯಲಾಗದೆ ಕಣ್ಣಿಟ್ಟ. ಚುಕ್ಕಿಗಳೆಲ್ಲ ಕುದಿಯುವ ನೀರಿನೊಳಗಿನ ಕಾಳುಗಳಂತೆ ಹೊಯ್ದಾಡುತ್ತಿದ್ದವು. ನಡುವೆ ಏನೂ ಇಲ್ಲ.

"ಕಂಡಿತಾ? ಇಲ್ಲ ತಾನೆ? ಅವಳು ಆರಿಹೋದಳು. ಮನೆಗೆ ಹೋಗು."

ಅವನು ಮುದುಕಿಯ ಮಾತು ನೆನೆದು ಕಣ್ಣು ತೆಗೆದ. ಕನ್ನಡಿಯ ಪಕ್ಕದಲ್ಲಿ ಕೂತ. "ನಾನು ಕಾಯುತ್ತೇನೆ" ಎಂದ.

ಮಾಂತ್ರಿಕ ಬಾಯ್ತೆರೆದು ಗಾಳಿ ಊದಿದ. ಬಿದಿರುಗಳು ತತ್ತರಿಸಿದವು, ಬಟ್ಟೆ ಪಟಪಟ ಬಡಿಯಿತು. ನನ್ನಿದೇವ ಸುತ್ತ ನೋಡಿದ. ಬೆಟ್ಟದ ಮೇಲೆ ಕಲ್ಲಿಗೇನು ಬರ! ಹೆಗಲ ಮೇಲಿನ ಶಾಲನ್ನು ಹರಿದು ಜೋಳಿಗೆ ಮಾಡಿ, ಕಲ್ಲು ತುಂಬಿ ಪೆಟ್ಟಿಗೆಗೆ ಕಟ್ಟಿದ. ಭಾರವನ್ನು ಕೆಳಗಿನಿಂದ ಹೊತ್ತು ತರಬೇಕಾಗಿರಲಿಲ್ಲ, ಅದು ಮೇಲೆಯೇ ಇತ್ತು. ತಾನು ಗಾಳಿಗೆ ಬೆನ್ನುಕೊಟ್ಟು ಅಡ್ಡ ನಿಂತ. ದೂರದರ್ಶಕ ಅಲುಗುವುದನ್ನು ನಿಲ್ಲಿಸಿತು.

ಮೈ ಸೆಟೆಯುವಷ್ಟು ಚಳಿಯಾಯಿತು. ಕನ್ನಡಿಯೂ ತಣ್ಣಗಾಯಿತು. ಅವನು ಮತ್ತೆ ಕಣ್ಣಿಟ್ಟ.

ಈಗ ಚುಕ್ಕಿಗಳು ಸೂಜಿಮೊನೆಯಷ್ಟು ಚೂಪಾಗಿದ್ದವು. ನಡುವಿನ ಕಪ್ಪನ್ನು ದಿಟ್ಟಿಸಿದ. ಇಲ್ಲ. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ನೋಟವನ್ನು ತುಸು ಪಕ್ಕಕ್ಕೆ ಸರಿಸಿದ. ಆಗ ಕಣ್ಣಂಚಿನಲ್ಲಿ ಏನೋ ಇತ್ತು. ಹಾಲಿನ ಹನಿಯೊಂದು ಒಣಗಿ ಉಳಿದ ಕಲೆಯಷ್ಟು. ನೇರ ನೋಡಿದರೆ ಇಲ್ಲ, ಓರೆಯಾಗಿ ನೋಡಿದರೆ ಇದೆ. ಮತ್ತೆ ನೋಡಿದ. ಇದೆ.

"ಬಾಚಲವ್ವಾ" ಎಂದು ಕರೆದ. "ನಾನು ನನ್ನಿ. ನೀನು ಉಳಿಸಿದ ಕೂಸು. ಬದುಕಿದ್ದೇನೆ, ಬೆಳೆದಿದ್ದೇನೆ. ಉಂಡ ಅನ್ನ, ಆಡಿದ ಆಟ, ಎಲ್ಲ ನಿನ್ನ ದಯೆ. ನಿನಗೆ ಅದನ್ನು ಹೇಳದೆ ಇಷ್ಟು ವರ್ಷವಾಯಿತು. ಕೆಳಗೆ ಬಾ ಅವ್ವಾ."

ಚುಕ್ಕಿ ಜಾರಿತು. ಕನ್ನಡಿಯೊಳಕ್ಕೆ ಬೆಳಕು ಸುರಿದು ಬಿದಿರುಗಳ ನಡುವಿಂದ ಹೊರಚೆಲ್ಲಿತು. ಚೆಲ್ಲಿದ ಬೆಳಕು ಹೆಂಗಸಾಗಿ ನಿಂತಿತು. ಮಸಿಕಂಠ ಗುಟುಕರಿಸಲು ಬಾಯ್ತೆರೆದ. ಕುಡಿಯಲು ಬೆಳಕು ಉಳಿದಿರಲಿಲ್ಲ. ಅವನು ಉಸಿರೆಳೆದ ರಭಸಕ್ಕೆ ರಾಜ್ಯದ ಮೇಲೆ ಹರಡಿದ್ದ ಹೊಗೆಯೆಲ್ಲ ಹಿಂದೆ ಬಂದು ಅವನ ಗಂಟಲಲ್ಲೇ ತುಂಬಿತು. ಅವನು ಉಬ್ಬಿದ, ಒಡೆದ. ಬಂಡೆಯ ಮೇಲೆ ಒಂದು ಹಿಡಿ ಮಸಿ ಉಳಿಯಿತು. ಗಾಳಿ ಅದನ್ನೂ ಒಯ್ದಿತು.

ಬಾಚಲೆಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ಅವಳು ಗಾಬರಿಯಿಂದ ಸುತ್ತ ನೋಡಿದಳು. "ತೊಟ್ಟಿಲು ಎಲ್ಲಿ? ಮಗು ಎಲ್ಲಿ?" ಎಂದಳು.

"ನಾನೇ ಅವ್ವಾ."

ತನಗಿಂತ ಎತ್ತರದ ಹುಡುಗನನ್ನು ಅವಳು ಬಹಳ ಹೊತ್ತು ನೋಡಿದಳು. ಅವನು ಕಾಲಿಗೆ ಎರಗಿದ. ಅವಳು ಅವನ ತಲೆ ಮೇಲೆ ಕೈಯಿಟ್ಟು, "ಎಷ್ಟು ತಣ್ಣಗಾಗಿದ್ದೀಯೆ" ಎಂದು ಸೆರಗು ಹೊದಿಸಿದಳು. ಆಮೇಲೆ ಕೇಳಲು ಹೆದರುವವಳಂತೆ ಕೇಳಿದಳು: "ನನ್ನ ಮಗಳು?"

"ದಡದಲ್ಲಿ ಕಾಯುತ್ತಿದ್ದಾಳೆ."

ಬೆಳಗಾಗುವಾಗ ಆಮೆ ಅವರನ್ನು ದಾಟಿಸಿತು. ಒಬ್ಬರನ್ನೇ ದಾಟಿಸುವ ನೇಮ ಏನಾಯಿತು ಎಂದು ನನ್ನಿದೇವ ಕೇಳಿದ್ದಕ್ಕೆ, "ನೇಮ ಹೋಗುವವರಿಗೆ, ಮನೆಗೆ ಮರಳುವವರಿಗಲ್ಲ" ಎಂದಿತು ಆಮೆ. ದಡದಲ್ಲಿ ತಾಯಿ ಮಗಳು ಎದುರುಬದುರು ನಿಂತರು. ಇಬ್ಬರಿಗೂ ಈಗ ಒಂದೇ ವಯಸ್ಸು. ಅಕ್ಕತಂಗಿಯರ ಹಾಗೆ ಕಾಣುತ್ತಿದ್ದರು. ಯಾರು ಮೊದಲು ಕೈಚಾಚಿದರೋ ನನ್ನಿದೇವ ನೋಡಲಿಲ್ಲ. ಅವನು ಬಿದಿರಿನ ಕಟ್ಟನ್ನು ಬಿಗಿಯುತ್ತ ಬೇರೆ ಕಡೆ ತಿರುಗಿಕೊಂಡಿದ್ದ. ಹಿಂದಿನಿಂದ ಅಳು ಕೇಳಿತು, ಆಮೇಲೆ ನಗು ಕೇಳಿತು.

ಅರಮನೆಗೆ ಹೋಗುವ ಮೊದಲು ಮೂವರೂ ಲಚ್ಚಲೆಯ ಮನೆಗೆ ಹೋಗಿ ಕೈಮುಗಿದರು. ಮುದುಕಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೇಮಗೋಡಿಗೆ ಕರೆತಂದರು. ಮಗ ಮರಳಿದ್ದನ್ನು, ಬಾಚಲೆ ಬಂದದ್ದನ್ನು ಕಂಡ ಸೋಮಭೂಪ ಸಿಂಹಾಸನದಿಂದ ಇಳಿದು ಅವಳ ಮುಂದೆ ತಲೆಬಾಗಿದ. ಅಂದು ಇರುಳು ಊರಿನವರೆಲ್ಲ ಅಂಗಳಕ್ಕೆ ಬಂದು ತಲೆಯೆತ್ತಿದರು. ಚುಕ್ಕಿಗಳನ್ನು ಕಂಡಿರದ ಮಕ್ಕಳು ಇದೇನೆಂದು ಕೇಳಿದವು. ಕಂಡಿದ್ದ ಹಿರಿಯರು ಒಂದೊಂದನ್ನೇ ತೋರಿಸಿ ಹೆಸರು ಹೇಳಿದರು.

ಆಮೇಲೆ ಲಚ್ಚಲೆ ಊರೂರಿನವರಿಗೂ ಕನ್ನಡಿ ಉಜ್ಜುವುದನ್ನು ಕಲಿಸಿದಳು. ಹೇಮಗೋಡಿನಲ್ಲಿ ಪೈರು ಬೆಳೆಯಿತು, ಕೆರೆ ತುಂಬಿತು, ತಾಯಂದಿರು ಮಕ್ಕಳನ್ನು ಭಯವಿಲ್ಲದೆ ಮಲಗಿಸಿದರು. ಅಲ್ಲಿ ಎಲ್ಲರೂ ಚೆನ್ನಾಗಿದ್ದರು. ಕೇಳಿದ ನೀವೂ ಚೆನ್ನಾಗಿರಿ.