ಕುಶಲಣ್ಣನ ಜ್ವರ

ಇದು ಪುಣೆಯಲ್ಲಿ ನನ್ನ ಅತ್ತಿಗೆ ಲೀಲಾಕ್ಷಿಯವರ ಕಣ್ಣೆದುರೇ ನಡೆದದ್ದು. ಜೊತೆಗೆ ನಾನೂ ಇದ್ದೆ.

ಅಲ್ಲಿನ ಕೊಂಢ್ವಾ ಬಡಾವಣೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕಳೆದ ಮಳೆಗಾಲದಲ್ಲಿ ಅಣ್ಣ ಕುಶಲನಿಗೂ ನನಗೂ ಒಟ್ಟಿಗೇ ಫ್ಲೂ ಬಂತು. ವರ್ಷವಿಡೀ ಕೆಮ್ಮುವ ನಾನು ಬೇಗನೆ ಎದ್ದು ಕೂತೆ. ನೆಗಡಿಯನ್ನೂ ಕಾಣದಿದ್ದ ಅಣ್ಣ ಐಸಿಯು ಸೇರಿದ.

"ವೈರಸ್ ಕಡಿಮೆಯಾಗಿದೆ. ಆದರೆ ಅವರ ದೇಹ ಹೋರಾಟ ನಿಲ್ಲಿಸುತ್ತಿಲ್ಲ, ತನ್ನನ್ನೇ ಸುಟ್ಟುಕೊಳ್ಳುತ್ತಿದೆ," ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು.

"ನನ್ನದು ಗಟ್ಟಿ ಶರೀರ ಅಂತ ಇವರು ಹೇಳಿಕೊಂಡು ತಿರುಗಿದ್ದು ಇದಕ್ಕಾ?" ಎಂದರು ಅತ್ತಿಗೆ.

ಮರುದಿನ ಬೆಳಿಗ್ಗೆ ಅಣ್ಣ ತೀರಿಕೊಂಡ.

ಮಧ್ಯಾಹ್ನ ಶವಾಗಾರದ ಫ್ರೀಜರಿನಿಂದ ಹೆಣವನ್ನು ಹೊರಗೆಳೆದಾಗ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಮಂಜು ಕಟ್ಟಿತ್ತು. ಅಣ್ಣನ ಹಣೆ ಮಾತ್ರ ಸುಡುತ್ತಿತ್ತು, ಮೇಲ್ತುಟಿಯಲ್ಲಿ ಬೆವರಿತ್ತು. ಡಾಕ್ಟರು ಓಡಿಬಂದು ಎದೆಬಡಿತ, ಕಣ್ಣು ಎಲ್ಲವನ್ನೂ ಮತ್ತೆ ನೋಡಿ, "ಜೀವ ಇಲ್ಲ," ಎಂದರು. ಆಮೇಲೆ ಅಣ್ಣನನ್ನು ಮುಟ್ಟಿದ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಲೇ ಹೊರಟುಹೋದರು.

ಆಂಬುಲೆನ್ಸಿನಲ್ಲಿ ಅತ್ತಿಗೆ ಒದ್ದೆ ಬಟ್ಟೆಯನ್ನು ಹಣೆಗೆ ಹಾಕುತ್ತಲೇ ಇದ್ದರು. ಹಾಕಿದ ಬಟ್ಟೆ ನಮ್ಮ ಕಣ್ಣೆದುರೇ ಒಣಗಿ ಗರಿಗರಿಯಾಗುತ್ತಿತ್ತು.

ಸ್ಮಶಾನದಲ್ಲಿ ವಿದ್ಯುತ್ ಚಿತಾಗಾರ ನೋಡಿಕೊಳ್ಳುವವರು ಕಲಬುರ್ಗಿ ಕಡೆಯ ಮುದುಕರು. ಹೆಣದ ಬಾಯಿಗೆ ತುಳಸಿ ನೀರು ಬಿಡಲು ಬಗ್ಗಿ, ಕೆನ್ನೆ ಮುಟ್ಟಿದವರು ಹಾಗೇ ನಿಂತುಬಿಟ್ಟರು.

"ಅಕ್ಕಾರ, ಜ್ವರ ಭಾಳ ಅದರಿ. ದವಾಖಾನಿಗೆ ತೋರಿಸಲಿಲ್ಲೇನ್ರಿ?"

"ತೋರಿಸಿದ್ದೆವು," ಎಂದರು ಅತ್ತಿಗೆ.

ಚಿತಾಗಾರದ ಬಾಗಿಲು ತೆರೆದು ಒಳಗೆ ತಳ್ಳುವಾಗಲೂ ಅಣ್ಣನ ಮೈ ತಣ್ಣಗಾಗಿರಲಿಲ್ಲ.