ಪ್ರಿಮ್ರೋಸ್ ಮುಳುಗಿದ ಬೇಸಿಗೆ

“ಏಯ್! ಯಾರ್ರೀ ಅದು? ಮೊದ್ಲು ಆ ಸುತ್ತಿಗೆ ಕೆಳಗಿಡಿ!”

ಲಿಡಿಯಾ ಕೂಗಿದ ರಭಸಕ್ಕೆ ಕಾಲುವೆಯ ಬಾತುಕೋಳಿಗಳೆಲ್ಲ ದಿಕ್ಕಾಪಾಲಾದವು. ಆದರೆ ಆ ಮನುಷ್ಯ ಮಾತ್ರ ತಿರುಗಿ ನೋಡಲಿಲ್ಲ! ಅರ್ಧ ನೀರು ತುಂಬಿಕೊಂಡು ದಂಡೆಗೆ ಒರಗಿದ್ದ ಹಳೆಯ ಮರದ ದೋಣಿಗೆ ಕಿವಿ ಆನಿಸಿ, ಸುತ್ತಿಗೆಯಿಂದ ಮೆಲ್ಲಗೆ ಟೊಕ್... ಟೊಕ್... ಎಂದು ಬಡಿಯುತ್ತಲೇ ಇದ್ದ.

“ನಿಮಗೇ ಹೇಳ್ತಿರೋದು! ಅದು ನಮ್ಮ ದೋಣಿ!”

“ಶ್...” ಅವನು ಬೆರಳೆತ್ತಿದ. “ಸ್ವಲ್ಪ ಸುಮ್ನಿರಿ. ಮಾತಾಡ್ತಿದೆ.”

“ಏನು ಮಾತಾಡ್ತಿದೆ?”

“ದೋಣಿ.”

ಹುಚ್ಚನೇ ಇರಬೇಕು ಎಂದುಕೊಂಡಳು ಲಿಡಿಯಾ. ಅಷ್ಟರಲ್ಲಿ ಅವನು ಎದ್ದು ನಿಂತ. ಕೆದರಿದ ಕೂದಲು, ಡಾಂಬರು ಮೆತ್ತಿದ ಕೈ, ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಂತಹ ಕಣ್ಣು. ಆ ಕಣ್ಣು ತನ್ನ ಮೇಲೆ ಬಿದ್ದ ಗಳಿಗೆಯಲ್ಲಿ ಬೈಯಲು ಇಟ್ಟುಕೊಂಡಿದ್ದ ಮುಂದಿನ ಮಾತು ಅವಳಿಗೆ ಮರೆತೇ ಹೋಯಿತು.

“ನಾನು ಅಮೋಸ್. ದೋಣಿ ಬಡಗಿ. ಇದನ್ನ ಸೌದೆಗೆ ಹಾಕಬಹುದಾ ನೋಡು ಅಂತ ಹೋಲ್ಡನ್ ಕಳಿಸಿದ್ರು.”

ಹೋಲ್ಡನ್ ಎಂದರೆ ಆ ದಂಡೆಯ ಜಾಗದ ಯಜಮಾನ. ಹೊಸ ಪ್ಲಾಸ್ಟಿಕ್ ದೋಣಿ ಮಾರಲು ಬಂದವನಿಗೆ ಈ ಹಳೇ ಮರದ ದೋಣಿ ಕಣ್ಣಿಗೆ ಬಿದ್ದ ಕಸ.

“ಸೌದೆಗಾ...?” ಅವಳು ದೋಣಿಗೆ ಅಡ್ಡ ನಿಂತಳು. “ಇದು ನಮ್ಮಜ್ಜಿ ಹುಟ್ಟಿದ ಮನೆ ರೀ!”

ಅಮೋಸ್ ದೋಣಿಯ ಮಗ್ಗುಲನ್ನು ಒಮ್ಮೆ ಸವರಿದ.

“ಕೆಳಗಿನ ಹಲಗೆ ಕೊಳೆತಿವೆ, ಬಡಿದ್ರೆ ಸದ್ದೇ ಬರಲ್ಲ. ಆದ್ರೆ ಪಕ್ಕೆಲುಬು ಗಟ್ಟಿ ಇದೆ. ಸುಡೋ ದೋಣಿ ಅಲ್ಲ ಇದು. ಹೋಲ್ಡನ್‌ಗೂ ಹಂಗೇ ಹೇಳ್ತೀನಿ.” ಅವಳತ್ತ ತಿರುಗಿ ಕೇಳಿದ, “ನಿಮ್ಮಜ್ಜಿ ಹೆಸರು?”

“ಕೆಜಾಯ.”

“ಓಹೋ! ಕೆಜಾಯಜ್ಜಿ ಮೊಮ್ಮಗಳಾ ನೀವು? ಹಂಗಾದ್ರೆ ಆ ಬಾಯಿ ಎಲ್ಲಿಂದ ಬಂತು ಅಂತ ಗೊತ್ತಾಯ್ತು ಬಿಡಿ.”

ಜಗಳಕ್ಕೆಂದೇ ಬಂದ ಲಿಡಿಯಾ ಅಂದು ನಗುತ್ತಾ ಮನೆಗೆ ಹೋದಳು!

ಆ ದೋಣಿಯ ಹೆಸರು ಪ್ರಿಮ್ರೋಸ್. ಕುದುರೆ ಎಳೆಯುತ್ತಿದ್ದ ಕಾಲದಲ್ಲಿ ಕಲ್ಲಿದ್ದಲು ಹೊತ್ತು ಕೋವೆಂಟ್ರಿ ಕಾಲುವೆಯ ಉದ್ದಕ್ಕೂ ಓಡಾಡಿದ್ದು. ಹಿಂಬದಿಯ ಗೂಡಿನಂತಹ ಕ್ಯಾಬಿನ್ನಿನಲ್ಲೇ ಕೆಜಾಯಜ್ಜಿ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು. ಲಿಡಿಯಾಳ ತಾಯಿ ಮಾತ್ರ ನೀರು ಬಿಟ್ಟು ಊರು ಸೇರಿದಳು. ಹಾಗಾಗಿ ಲಿಡಿಯಾ ಕಾಲುವೆ ಬದಿಯ ಇಟ್ಟಿಗೆ ಮನೆಯಲ್ಲಿ ಬೆಳೆದು, ಗಡಿಯಾರದ ಕಾರ್ಖಾನೆಗೆ ಸೇರಿದ್ದಳು. ಅಜ್ಜಿಯದು ಒಂದೇ ಆಸೆ. “ಸಾಯೋದ್ರೊಳಗೆ ಒಂದ್ಸಲ ಪ್ರಿಮ್ರೋಸ್‌ನಲ್ಲಿ ಕೂತು ತೇಲ್ಕೊಂಡು ಹೋಗ್ಬೇಕು ಕಣೇ.” ಅದನ್ನು ನೆರವೇರಿಸುತ್ತೇನೆಂದು ಲಿಡಿಯಾ ಮಾತು ಕೊಟ್ಟಾಗಿತ್ತು.

ಮಾತು ಕೊಡುವುದು ಸುಲಭ. ಹಲಗೆ ಕೀಳುವುದು ಸುಲಭವಲ್ಲ!

ಅಮೋಸ್ ಕೈಜೋಡಿಸಿದ. ಚಳಿಗಾಲವಿಡೀ ರಜೆ ಸಿಕ್ಕಾಗಲೆಲ್ಲ ಇಬ್ಬರೂ ದುಡಿದರು. ಅಮೋಸ್ ಓಕ್ ಮರದ ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ. ಲಿಡಿಯಾ ಸಂದುಗಳಿಗೆ ಡಾಂಬರಿನ ನಾರು ತುರುಕಿ ತುರುಕಿ ಬೆರಳು ಬೊಬ್ಬೆ ಬರಿಸಿಕೊಂಡಳು. ಕೊನೆಗೊಂದು ದಿನ ಅವನು ಹಬೆಯಾಡುವ ಬಕೆಟ್ ತಂದು ಮುಂದಿಟ್ಟ.

“ಥೂ! ಏನಿದು ನಾತ?”

“ಡಾಂಬರು, ಹಸುವಿನ ಕೂದಲು, ಕುದುರೆ ಲದ್ದಿ. ಬಿಸಿ ಇರೋವಾಗ್ಲೇ ಬಳೀಬೇಕು. ಬಾ.”

“ಕುದುರೆ ಲದ್ದೀನಾ? ನಾನು ಬರಲ್ಲಪ್ಪ!”

“ನಿಮ್ಮಜ್ಜಿ ಬರೀ ಕೈಯಲ್ಲಿ ಬಳೀತಿದ್ರಂತೆ.”

“ನಮ್ಮಜ್ಜಿ ಹೆಸರು ಹೇಳಿ ನನ್ನ ಕೈಲಿ ಇನ್ನೂ ಏನೇನು ಮಾಡಿಸ್ತೀಯೋ ನೀನು!”

ಹೀಗೆ ‘ನೀವು’ ಹೋಗಿ ‘ನೀನು’ ಬಂದಿದ್ದು ಇಬ್ಬರಿಗೂ ತಿಳಿಯಲಿಲ್ಲ. ಅವಳ ಕೆನ್ನೆಗೆ ಮೆತ್ತಿದ ಡಾಂಬರನ್ನು ಅವನು ಬೆಣ್ಣೆ ಹಚ್ಚಿ ಒರೆಸಿದ ಮೇಲೂ ಅವನ ಬೆರಳು ಅಲ್ಲೇ ಉಳಿಯಿತು.

‘ಏನಾದ್ರೂ ಹೇಳ್ತಾನಾ...?’ ಅವಳು ಕಾದಳು.

“ಇನ್ನೊಂದು ಬಕೆಟ್ ತರ್ತೀನಿ,” ಎಂದ ಪುಣ್ಯಾತ್ಮ!

ವಸಂತದಲ್ಲಿ ಪ್ರಿಮ್ರೋಸ್ ನೀರಿಗಿಳಿಯಿತು. ಬಣ್ಣವಾಯಿತು, ಕ್ಯಾಬಿನ್ನಿಗೆ ಒಲೆ ಬಂತು, ಅಲಂಕಾರಕ್ಕೆ ಹಿತ್ತಾಳೆ ಗುಂಡುಗಳು ಬಂದವು, ಲೇಸಿನ ಪರದೆ ಬಂತು. ಇನ್ನೇನು ಅಜ್ಜಿಯನ್ನು ಕೂರಿಸಬೇಕು ಎನ್ನುವಾಗ ಕಾರ್ನ್‌ವಾಲ್‌ನಲ್ಲಿದ್ದ ಅಕ್ಕನಿಗೆ ಹೆರಿಗೆಯ ದಿನ ಹತ್ತಿರವಾಯಿತು. ಲಿಡಿಯಾ ಬಾಣಂತನಕ್ಕೆಂದು ಹೊರಟು ನಿಂತಳು.

“ದೋಣಿ ನೋಡ್ಕೊ.”

“ನೋಡ್ಕೋತೀನಿ. ನೀನು ಬೇಗ ಬಾ.”

ಆ ವರ್ಷ ಬೇಸಿಗೆ ಎಂದರೆ ಬೇಸಿಗೆ! ಇಂಗ್ಲೆಂಡಿನವರು ಕಂಡು ಕೇಳರಿಯದ ಬಿಸಿಲು. ವಾರಗಟ್ಟಲೆ ಹನಿ ಮಳೆಯಿಲ್ಲ. ಹುಲ್ಲೆಲ್ಲ ಸುಟ್ಟು ಕೆಂಚಾಯಿತು.

ಮಗುವಿಗೆ ಹೆಸರಿಟ್ಟ ಮಾರನೇ ದಿನವೇ ಲಿಡಿಯಾ ರೈಲು ಹತ್ತಿದಳು. ನಿಲ್ದಾಣದಿಂದ ಮನೆಗೂ ಹೋಗದೆ, ಕೈಯಲ್ಲಿ ಚೀಲ ಹಿಡಿದು ನೇರ ಕಾಲುವೆಗೆ ಬಂದಳು. ದೋಣಿ ನೋಡಲು ಅಂತ ಅವಳು ಹೇಳಿಕೊಂಡಳು. ಯಾರನ್ನು ನೋಡಲು ಅಂತ ನಮಗೆ ಗೊತ್ತಿಲ್ಲವೇ?

ಬಂದವಳು ಹಾಗೇ ನಿಂತುಬಿಟ್ಟಳು.

ಪ್ರಿಮ್ರೋಸ್ ಇರಬೇಕಾದ ಕಡೆ ಕ್ಯಾಬಿನ್ನಿನ ಛಾವಣಿಯಷ್ಟೇ ನೀರಿನ ಮೇಲೆ ಕಾಣುತ್ತಿತ್ತು. ಉಳಿದದ್ದೆಲ್ಲ ತಳ ಸೇರಿತ್ತು!

“ಅಯ್ಯೋ ದೇವರೇ... ಇದೇನಾಗೋಯ್ತು!”

ಮಂಡಿಯೂರಿ ಬಗ್ಗಿ ನೋಡಿದಳು. ತೆರೆದ ಬಾಗಿಲೊಳಗೆ ಕೆಸರು ನೀರು. ಒಲೆ ಇಲ್ಲ. ಪರದೆ ಇಲ್ಲ. ಹಿತ್ತಾಳೆ ಗುಂಡು ಒಂದೂ ಇಲ್ಲ.

ಹೋಲ್ಡನ್ ಹ್ಯಾಟಿನಿಂದ ಗಾಳಿ ಬೀಸಿಕೊಳ್ಳುತ್ತಾ ಬಂದ.

“ನೋಡಮ್ಮ, ನಾನು ಮೊದ್ಲೇ ಹೇಳಿದ್ದೆ, ಮರದ ದೋಣಿ ನಂಬಬೇಡ ಅಂತ. ಒಂದು ದಿನ ಬಂದು ನೋಡ್ತೀನಿ, ಮುಳುಗೋಗಿದೆ.”

“ಅಮೋಸ್ ಎಲ್ಲಿ?”

“ಅವನಿಗೆ ಉತ್ತರದ ಕಡೆ ಯಾವುದೋ ದೋಣಿ ಕಟ್ಟೋ ಜಾಗದಲ್ಲಿ ಕೆಲ್ಸ ಇದೆಯಂತೆ. ಹೋಗ್ತಾನೋ ಏನೋ. ಕೈಗಾಡೀಲಿ ಸಾಮಾನು ತಳ್ಕೊಂಡು ಹೋಗೋದಂತೂ ನೋಡ್ದೆ.”

ಸಾಮಾನು...! ಲಿಡಿಯಾಳ ಕಣ್ಣು ಕತ್ತಲೆಗಟ್ಟಿತು. ನಂಬಿದ್ದೆನಲ್ಲ... ಚಳಿಗಾಲವೆಲ್ಲ ಪಕ್ಕದಲ್ಲೇ ನಿಂತು ನಗಿಸಿದವನು... ಅಜ್ಜಿಗೆ ಏನೆಂದು ಹೇಳಲಿ? ಈ ಸುದ್ದಿ ಕೇಳಿದರೆ ಆ ಜೀವ ಉಳಿದೀತೇ?

ಅದೇ ಹೊತ್ತಿಗೆ ದಂಡೆಯ ದಾರಿಯಲ್ಲಿ ಅಮೋಸ್ ಬಂದ. ಅವಳನ್ನು ಕಂಡದ್ದೇ ಮುಖವೆಲ್ಲ ನಗುವಾಯಿತು.

“ಲಿಡಿಯಾ! ಯಾವಾಗ ಬಂದೆ?”

“ಹತ್ರ ಬರ್ಬೇಡ!” ಅವಳು ಚೀರಿದಳು. “ನೋಡ್ಕೋತೀನಿ ಅಂದ್ಯಲ್ಲ, ಇದೇನಾ ನೋಡ್ಕೊಂಡಿದ್ದು? ಒಲೆ, ಹಿತ್ತಾಳೆ ಎಲ್ಲಾ ಎಲ್ಲಿ ಹಾಕ್ದೆ? ಕಳ್ಳ! ಕದ್ದಿದ್ದು ಸಾಲ್ದು ಅಂತ ದೋಣೀನೂ ಕೊಂದ್ಬಿಟ್ಯಲ್ಲೋ!”

ಅವನ ನಗು ಅಲ್ಲೇ ಆರಿತು. ಅವಳು ತಮಾಷೆ ಮಾಡುತ್ತಿಲ್ಲ ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

“ನಾನು... ಕೊಂದೆನಾ?”

“ಕಣ್ಣೆದುರಿಗೇ ಇದ್ಯಲ್ಲ!”

“ಸರಿ.” ಅವನ ದನಿ ತಣ್ಣಗಿತ್ತು. “ಹೋಗಿ ನಿಮ್ಮಜ್ಜೀನ ಕೇಳು.”

ಅಷ್ಟೇ. ತಿರುಗಿ ನಡೆದುಬಿಟ್ಟ. ಅವಳೂ ಕರೆಯಲಿಲ್ಲ.

ಅಜ್ಜಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಲಿಡಿಯಾ ಅವಳ ಮಡಿಲಿಗೆ ಬಿದ್ದು ಅತ್ತಳು.

“ಅಜ್ಜೀ... ಧೈರ್ಯ ತಗೋ... ಪ್ರಿಮ್ರೋಸ್ ಮುಳುಗೋಯ್ತು...”

“ಹೂಂ, ಮತ್ತೆ?”

“ಮತ್ತೇನಜ್ಜಿ! ತಳಕ್ಕೆ ಹೋಗಿದೆ!”

“ಹೋಗ್ಲೇಬೇಕಲ್ಲ. ನಾನೇ ಹೇಳಿ ಮುಳುಗಿಸಿದ್ದು. ನಾನು ಹೇಳೋ ಮೊದ್ಲೇ ಆ ಹುಡುಗ ದೋಣಿ ತಳದ ಬಿರಡೆ ಕೀಳೋಕೆ ತಯಾರಾಗಿದ್ದ.”

ಲಿಡಿಯಾ ತಲೆಯೆತ್ತಿದಳು.

“ಈ ಬಿಸಿಲಿಗೆ ಮರ ಒಣಗಿದ್ರೆ ಸಂದೆಲ್ಲ ಬಾಯಿ ಬಿಡುತ್ತೆ ಕೂಸೇ. ಆಮೇಲೆ ಯಾವ ಬಡಗಿ ಬಂದ್ರೂ ಆಗಲ್ಲ. ನೀರೊಳಗೆ ಮಲಗಿಸಿದ್ರೆ ಮರ ಉಬ್ಕೊಂಡು ಬಿಗಿಯಾಗಿರುತ್ತೆ. ಸರಕಿಲ್ಲದ ಬೇಸಿಗೇಲಿ ನಮ್ಮಪ್ಪನೂ ಹಿಂಗೇ ಮಲಗಿಸ್ತಿದ್ದ. ಮಳೆ ಬಂದ್ಮೇಲೆ ಎಬ್ಬಿಸೋದು. ದೋಣಿಯವ್ರ ಮನೇಲಿ ಹುಟ್ಟಿದ ಮಗೂಗೂ ಗೊತ್ತಿರೋ ಮಾತು!”

“ಮತ್ತೆ... ಒಲೆ? ಪರದೆ?”

“ಹಿಂದಿನ ಕೋಣೆ ಬಾಗಿಲು ತೆಗೆದು ನೋಡು.”

ತೆಗೆದಳು. ಒಲೆಗೆ ಎಣ್ಣೆ ಸವರಿ ಮುಚ್ಚಿಟ್ಟಿತ್ತು. ಹಿತ್ತಾಳೆ ಗುಂಡುಗಳು ಫಳಫಳ ಹೊಳೆಯುತ್ತಿದ್ದವು. ಪರದೆಗಳನ್ನು ಒಗೆದು, ಯಾವುದೋ ಒರಟು ಕೈ ಮಡಚಲು ಬಾರದೆ ಮಡಚಿ ಇಟ್ಟಿತ್ತು.

ಹೋದ ಜೀವ ಬಂದಂತಾಯಿತು! ಪ್ರಿಮ್ರೋಸ್ ಸತ್ತಿಲ್ಲ... ನಿದ್ದೆ ಮಾಡುತ್ತಿದೆ! ಅವಳು ಅಳುತ್ತಲೇ ನಕ್ಕಳು. ಮರುಕ್ಷಣವೇ ಅಡುಗೆಮನೆಗೆ ಓಡಿಬಂದಳು.

“ಅಜ್ಜೀ... ನಾನು ಅವನನ್ನ ಕಳ್ಳ ಅಂದ್ಬಿಟ್ಟೆ.”

ಅಜ್ಜಿಯ ಕೈಯಿಂದ ಬಟಾಣಿ ಬುಟ್ಟಿ ಜಾರಿತು.

“ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ ಕಣೇ, ಮಂಕೇ! ಈಗ ತಾನೇ ಕಿಟಕಿಯಿಂದ ನೋಡ್ದೆ, ಎನೋಕ್‌ನ ಕಲ್ಲಿದ್ದಲು ದೋಣಿ ಹತ್ತಿ ಹೊರಟ. ಆ ಉತ್ತರದ ಕೆಲ್ಸ ಬೇಡ, ಇಲ್ಲೇ ಇರ್ತೀನಿ ಅಂತಿದ್ದೋನು... ಇನ್ನೂ ಏನು ನೋಡ್ತಾ ನಿಂತಿದೀಯ? ದೋಣಿ ಅದು, ರೈಲಲ್ಲ! ಓಡು!”

ಪ್ರೇಯಸಿಯನ್ನು ಬಿಟ್ಟು ಹೋಗುವವನು ಬಸ್ಸು ಹತ್ತಬೇಕು, ರೈಲು ಹತ್ತಬೇಕು. ಕಲ್ಲಿದ್ದಲು ದೋಣಿ ಹತ್ತಿದವನನ್ನು ನಡೆದೂ ಹಿಡಿಯಬಹುದು! ಲಿಡಿಯಾ ಪಕ್ಕದ ಮನೆಯವರ ಸೈಕಲ್ ಹೇಳದೆ ಕೇಳದೆ ಎತ್ತಿಕೊಂಡು ತುಳಿದಳು. ಬಿಸಿಲಿಗೆ ಬೆವರು ಹರಿಯಿತು, ಮುಳ್ಳುಪೊದೆಗೆ ತೋಳು ಗೀರಿತು. ‘ಇರು ಅಮೋಸ್... ಒಂದೇ ಒಂದು ಮಾತು...’

ದೋಣಿಗಳನ್ನು ಮೇಲಿನ ಕಾಲುವೆಯಿಂದ ಕೆಳಗಿನದಕ್ಕೆ ಇಳಿಸುವ ಲಾಕಿನ ಬಳಿ ಸಿಕ್ಕಿದ. ಆ ಕಲ್ಲಿನ ಆಳವಾದ ತೊಟ್ಟಿಯೊಳಗೆ ದೋಣಿ ಆಗಲೇ ನಿಂತಿತ್ತು. ಮುದುಕ ಎನೋಕ್ ದಡದಲ್ಲಿ ತೂಬು ಎತ್ತಿ, ಪೈಪು ಹಚ್ಚುತ್ತಿದ್ದ. ನೀರು ಕೆಳಗಿನ ಕಾಲುವೆಗೆ ಬಸಿಯುತ್ತಿದ್ದಂತೆ ದೋಣಿಯೂ ಕೆಳಗಿಳಿಯುತ್ತಿತ್ತು. ಅಮೋಸ್ ಚುಕ್ಕಾಣಿ ಹಿಡಿದು, ಎತ್ತಲೋ ನೋಡುತ್ತಿದ್ದ.

ಲಿಡಿಯಾ ಸೈಕಲ್ ಎಸೆದು ಓಡಿ ತೂಬನ್ನು ಧಡಾರನೆ ಇಳಿಸಿಬಿಟ್ಟಳು. ದೋಣಿ ಅರ್ಧದಲ್ಲೇ ನಿಂತಿತು.

“ಏಯ್ ಹುಡುಗಿ! ಏನ್ ಮಾಡ್ತಿದೀಯ?” ಎನೋಕ್ ಅರಚಿದ.

“ಒಂದು ನಿಮಿಷ! ಅಮೋಸ್...!”

ಅವನು ತಲೆಯೆತ್ತಿದ. ಸುತ್ತ ಒದ್ದೆ ಗೋಡೆ. ತಪ್ಪಿಸಿಕೊಂಡು ಹೋಗಲು ಜಾಗವೇ ಇರಲಿಲ್ಲ.

“ತಪ್ಪಾಯ್ತು. ನಂಗೆ ಗೊತ್ತಿರ್ಲಿಲ್ಲ. ಪ್ರಿಮ್ರೋಸ್ ಹೋಯ್ತು, ನೀನೂ ಹೋದೆ ಅಂದ್ಕೊಂಡೆ... ತಲೆ ಕೆಟ್ಟೋಯ್ತು. ಕಳ್ಳ ಅಂದ್ಬಿಟ್ಟೆ...”

“ಕಳ್ಳ ಅಂದಿದ್ದು ಹೋಗ್ಲಿ,” ಎಂದ ಅವನು ಮೆಲ್ಲಗೆ. “ದೋಣೀನ ಕೊಂದೆ ಅಂದ್ಯಲ್ಲ... ಅದು ಆಗ್ಲಿಲ್ಲ ನಂಗೆ.”

ಅವಳು ಅಂಚಿನಲ್ಲೇ ಕುಸಿದು ಕೂತಳು. ಕಣ್ಣೀರು ಟಪಟಪ ತೊಟ್ಟಿಗೆ ಬಿತ್ತು.

“ನನ್ನದೂ ತಪ್ಪಿದೆ,” ಎಂದ ಅಮೋಸ್ ಕೊನೆಗೆ. “ಹೇಳಿ ಕಳಿಸ್ಬೇಕಿತ್ತು. ದೋಣಿ ಮಲಗಿಸೋದು ನಮಗೆ ಮನೆ ಬಾಗಿಲು ಹಾಕಿದಷ್ಟೇ ಸಹಜ, ಅದಕ್ಕೆ ಯಾರಾದ್ರೂ ಸುದ್ದಿ ಕಳಿಸ್ತಾರಾ ಅಂದ್ಕೊಂಡೆ. ನೀನು ಊರಲ್ಲಿ ಬೆಳೆದೋಳು ಅನ್ನೋದೇ ಮರ್ತೋಗಿತ್ತು. ಅಷ್ಟು ನಮ್ಮೋಳು ಅನ್ನಿಸ್ಬಿಟ್ಟಿತ್ತು ನೀನು.”

“ಉತ್ತರಕ್ಕೆ ಹೋಗ್ಬೇಡ. ನೀನಿಲ್ದಿದ್ರೆ ಪ್ರಿಮ್ರೋಸ್ ತೇಲಿದ್ರೂ ನಂಗೆ ಸಂತೋಷ ಆಗಲ್ಲ. ನೀನಂದ್ರೆ ನಂಗೆ... ಇಷ್ಟ ಕಣೋ. ಲದ್ದಿ ಬಳಿದ ದಿನದಿಂದ!”

ಎನೋಕ್ ಪೈಪು ಬಾಯಿಂದ ತೆಗೆದ.

“ಲೋ ಅಮೋಸ, ಏಣಿ ಹತ್ತು. ಇವಳು ಹೇಳಿ ಮುಗಿಸೋದ್ರೊಳಗೆ ಹಿಂದೆ ಬರೋ ದೋಣಿ ಎಲ್ಲಾ ನಿಂತ್ಹೋಗುತ್ತೆ!”

ಅವನು ಗೋಡೆಯ ಕಬ್ಬಿಣದ ಏಣಿ ಹತ್ತಿ ಬಂದ. ಅವಳನ್ನು ಎಬ್ಬಿಸಿ, ಗಟ್ಟಿಯಾಗಿ ಎದೆಗೊತ್ತಿಕೊಂಡ. ಲಿಡಿಯಾಳಿಗೆ ಅಷ್ಟು ಸಾಕಾಗಿತ್ತು.

ಸೆಪ್ಟೆಂಬರಿನಲ್ಲಿ ಮಳೆ ಬಂತು.

ದೋಣಿ ಎಬ್ಬಿಸುವ ದಿನ ಅಜ್ಜಿ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ಅಮೋಸ್ ನೀರಲ್ಲಿ ಮುಳುಗಿ ಬಿರಡೆ ಜಡಿದ. ಹೊರಗಿನ ನೀರು ಒಳಗೆ ಬಾರದಂತೆ ಅಂಚಿನ ಸುತ್ತ ಹಲಗೆ ಕಟ್ಟಿದರು. ಅವನೂ ಲಿಡಿಯಾಳೂ ಸರದಿಯಲ್ಲಿ ಕೈಪಂಪು ಒತ್ತಿದರು. ನೀರು ಹೋಗುತ್ತಲೇ ಇತ್ತು, ದೋಣಿ ಮಾತ್ರ ಮಿಸುಕಲಿಲ್ಲ.

‘ಅಜ್ಜಿ ಹೇಳಿದ್ದು ಹಳೇ ಕಾಲದ ಮಾತು... ಈಗ ನಡೆಯದೇ ಹೋದರೆ?’ ಲಿಡಿಯಾ ಇನ್ನೂ ಜೋರಾಗಿ ಒತ್ತಿದಳು.

“ಒತ್ತು, ನಿಲ್ಲಿಸ್ಬೇಡ,” ಎಂದಳು ಅಜ್ಜಿ. “ಪ್ರಿಮ್ರೋಸ್ ಅವಳು, ಯಾವತ್ತೂ ನಿಧಾನವಾಗೇ ಏಳೋದು.”

ಕೆಸರು ‘ಗಳಕ್’ ಎಂದಿತು. ಒಂದು ಕೊನೆ ಅಲುಗಿತು. ಇನ್ನೊಂದು ಕೊನೆ. ಮತ್ತೆ ಇಡೀ ಪ್ರಿಮ್ರೋಸ್ ಮೈಮುರಿದು ಮೇಲೆದ್ದಿತು!

ಎಲ್ಲಾದರೂ ಸೋರುತ್ತದೆಯೇ ಎಂದು ಎಲ್ಲರೂ ಕಾದರು. ಸಂಜೆಯಾಗುತ್ತಾ ಬಂದಾಗ ಅಮೋಸ್ ದೋಣಿಯೊಳಗೆ ಇಳಿದು ತಳದ ಹಲಗೆಯ ಕೆಳಗೆ ಕೈಹಾಕಿ ತಡವಿದ. ತುಂಬ ಹೊತ್ತು ತಡವಿದ.

“ಅಮೋಸ್? ಏನಾದ್ರೂ ಹೇಳೋ!”

“ಹೊಸ ನೀರು... ಒಂದು ಹನಿ ಬಂದಿಲ್ಲ.”

ಲಿಡಿಯಾ ಅಲ್ಲೇ ಕೂತು ದೊಡ್ಡದಾಗಿ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು. ಅಜ್ಜಿಯನ್ನು ಇಬ್ಬರೂ ಹಿಡಿದು ಹತ್ತಿಸಿದರು. ಎನೋಕ್‌ನ ದೋಣಿ ಮುಂದೆ ಎಳೆಯಿತು, ಪ್ರಿಮ್ರೋಸ್ ಹಿಂದೆ ಹೊರಟಿತು. ಕೆಜಾಯಜ್ಜಿ ಕ್ಯಾಬಿನ್ ಬಾಗಿಲಲ್ಲಿ ಕೂತು, ದಂಡೆಯಲ್ಲಿ ಬಾಯಿ ಬಿಟ್ಟು ನಿಂತ ಹೋಲ್ಡನ್‌ಗೆ ರಾಣಿಯಂತೆ ಕೈ ಬೀಸಿದಳು.

ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದಿದ್ದ ಅಮೋಸ್‌ನ ಪಕ್ಕ ಲಿಡಿಯಾ ಬಂದು ನಿಂತಳು.

“ಮುಂದಿನ ಬೇಸಿಗೇಲೂ ಮುಳುಗಿಸ್ತೀಯಾ?”

“ಖಾಲಿ ಇದ್ರೆ ಮುಳುಗಿಸ್ಲೇಬೇಕು. ಜನ ಇದ್ರೆ ಬೇಡ.”

“ಯಾಕೆ?”

“ಒಳಗೆ ಸಂಸಾರ ಇದ್ರೆ, ದಿನಾ ಬೆಳಿಗ್ಗೆ ಎದ್ದು ಯಾರಾದ್ರೂ ಮಗ್ಗುಲಿಗೆ ನೀರು ಹೊಯ್ತಾರೆ. ಮರ ಒಣಗಲ್ಲ.”

ಅವಳು ನೀರಿನತ್ತ ತಿರುಗಿದಳು. ಕೆನ್ನೆ ಕೆಂಪೇರಿತ್ತು.

“ನಂಗೆ ಬೆಳಿಗ್ಗೆ ಬೇಗ ಏಳಕ್ಕಾಗಲ್ಲ, ಅಮೋಸ್.”

“ನೀರು ನಾನು ಹೊಯ್ತೀನಿ.” ಅವನು ಅವಳ ಕೈಯನ್ನು ಚುಕ್ಕಾಣಿಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟ. “ನೀನು ಒಳಗಿದ್ರೆ ಸಾಕು.”

“ಇರ್ತೀನಿ,” ಎಂದಳು ಲಿಡಿಯಾ.